ಹಿಡಿಸಿ ಬಿಡಿಸುವ ಧರ್ಮ

ಸಂಸಾರಿಯಾದವನಿಗೆ ಕೂಡಿಸುವ ಕೆಲಸ ಎಷ್ಟಿರುವುದೋ ಅಗಲಿಸುವ ಕೆಲಸವೂ ಅಷ್ಟೇ ಇರುವುದು. ಮಗುವಿಗೆ ಮೊಲೆ ಬಿಡಿಸಬೇಕು. ಮಗನನ್ನು ಓದಿಗಾಗಿ ಪರಸ್ಥಳಕ್ಕೆ ಕಳುಹಿಸಬೇಕು. ಮಗಳನ್ನು ಮದುವೆ ಮಾಡಿ ಬೇರೊಂದು ಮನೆಗೆ ಒಪ್ಪಿಸಬೇಕು. ಕೊಟ್ಟಿಗೆಯ ಕರುವನ್ನು ತಾಯಿಯಿಂದ ದೂರ ಕಟ್ಟಬೇಕು. ಕೂಡಿಸುವಾಗ ಮುಹೂರ್ತವನ್ನು ಕೇಳುವವರು, ಹತ್ತು ಮಂದಿ ಹಿರಿಯರನ್ನು ವಿಚಾರಿಸುವವರು ಬಹಳ ಉಂಟು. ಅಗಲಿಸುವಾಗಲಾದರೋ ನಮ್ಮ ಅನುಕೂಲವೊಂದನ್ನೇ ನೋಡಿ, ಹೇಗೂ ಒಂದು ದಿನ ಬಿಡಲೇಬೇಕಲ್ಲವೆಂದು ಸಮಾಧಾನ ಹೇಳಿಕೊಳ್ಳುವುದು ಲೋಕದ ರೂಢಿ. ಅಗಲಿಸುವುದಕ್ಕೂ ಒಂದು ಕಾಲವುಂಟು, ಒಂದು ಕ್ರಮವುಂಟು. ಅವೆರಡನ್ನೂ ಮೀರಿದರೆ ದೋಷವುಂಟು. ಈ ಸಂಗತಿಯನ್ನು ಇಂದು ಸ್ವಲ್ಪ ವಿಚಾರಮಾಡೋಣ.

ಈ ವಿಚಾರಕ್ಕೆ ಪ್ರೇರಣೆಯಾದುದು ಮಾಗಡಿ ಸೀಮೆಯ ಸೋಲೂರಿನ ಕಡೆಯ ಭಕ್ತರೊಬ್ಬರು ಕೇಳಿದ ಪ್ರಶ್ನೆ. ಅವರ ಮನೆಯಲ್ಲಿ ಒಂದು ಹೆಣ್ಣು ಕುದುರೆಯಿದೆ. ದೇವರ ಉತ್ಸವಗಳಿಗೆ, ಮದುವೆಯ ಮೆರವಣಿಗೆಗಳಿಗೆ ಅದನ್ನು ಕೊಂಡೊಯ್ದು ನಾಲ್ಕು ಕಾಸು ಸಂಪಾದಿಸುವರು. ಅದು ಮರಿ ಹಾಕಿ ಮೂರು ತಿಂಗಳಾಯಿತು. ಮರಿಯು ಲಕ್ಷಣವಾಗಿದೆ. ಬೇರೆ ತಾಲ್ಲೂಕಿನವರೊಬ್ಬರು ಅದನ್ನು ಕಂಡು ಮೆಚ್ಚಿ ಬೆಲೆಯನ್ನು ಗೊತ್ತುಮಾಡಿ ಮುಂಗಡವನ್ನೂ ಕೊಟ್ಟರು. ಆ ಹಣವು ಮಗಳ ಕಾಲೇಜಿನ ಶುಲ್ಕಕ್ಕೆ ಸಂದುಹೋಯಿತು. ಈಗ ಕೊಂಡವರು, 'ಎಳೆಯದಾಗಿರುವಾಗಲೇ ಕೈಗೆ ಬಂದರೆ ಹೇಳಿದಂತೆ ಕೇಳುವುದು, ಹದಿನೈದು ದಿನಗಳಲ್ಲಿ ಹೊಡೆದುಕೊಂಡು ಹೋಗುತ್ತೇವೆ' ಎಂದು ಅವಸರಪಡಿಸುತ್ತಿದ್ದಾರೆ. ತಾಯಿ ಕುದುರೆಯೂ ಹಾಲೂಡಿ ಹಾಲೂಡಿ ಬಡವಾಗಿದೆ. ಆದರೆ ಮನೆಯ ಮುದುಕಿ, ಆ ಭಕ್ತರ ತಾಯಿ, 'ಹಾಲು ಕುಡಿಯುವುದನ್ನು ತಾಯಿಯಿಂದ ಕಿತ್ತು ಮಾರಿದರೆ ಮನೆಗೆ ಒಳ್ಳೆಯದಾಗದು' ಎಂದು ಪಟ್ಟುಹಿಡಿದಿದ್ದಾರೆ. 'ಮೇಷ್ಟ್ರೇ, ಕೊಟ್ಟ ಮಾತು ದೊಡ್ಡದೋ, ಮರಿಯ ಹಾಲು ದೊಡ್ಡದೋ? ನೀವೇ ಹೇಳಬೇಕು' ಎಂಬುದು ಅವರ ಪ್ರಶ್ನೆ.

ಇದು ಕುದುರೆಯ ಪ್ರಶ್ನೆಯಂತೆ ತೋರುವುದಾದರೂ ವಾಸ್ತವದಲ್ಲಿ ಆಚಾರದ ಪ್ರಶ್ನೆ. ಸತ್ಯವೂ ದಯೆಯೂ ಎದುರುಬದುರಾಗಿ ನಿಂತಂತೆ ಕಂಡಾಗ ಭಕ್ತನಾದವನು ಯಾವುದನ್ನು ಹಿಡಿಯಬೇಕು? ಹೀಗೆ ಕೇಳಿದೊಡನೆ ಬಾಯಿಗೆ ಬಂದ ನೀತಿಯನ್ನು ಹೇಳಿಬಿಡುವುದು ಸುಲಭ. ಆದರೆ ವಸ್ತುವಿನ ಸ್ವರೂಪವನ್ನು ತಿಳಿಯದೆ ಹೇಳಿದ ನೀತಿಯಿಂದ ಯಾರಿಗೂ ಉಪಕಾರವಾಗದು. ಅರಿಯದೆ ತೋರಿದ ಕರುಣೆಯೂ ಕೆಲವೊಮ್ಮೆ ಹಿಂಸೆಯಾಗುವುದುಂಟು. ಆದುದರಿಂದ ಮೊದಲು ಮರಿಯ ಹಾಲಿನ ಸಂಗತಿಯನ್ನು ತಿಳಿದು, ಆಮೇಲೆ ಮಾತಿನ ಸಂಗತಿಗೆ ಬರೋಣ.

ಕುದುರೆಯ ವಿಚಾರವು ನಮ್ಮ ಸೀಮೆಗೆ ಹೊಸದಲ್ಲ. ಸೋಲೂರಿನಿಂದ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಕೆಲವು ಹರಿದಾರಿ ಹೋದರೆ ಕುಣಿಗಲ್ಲು ಸಿಕ್ಕುವುದು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ದಂಡಿನ ಕುದುರೆಗಳನ್ನು ಬೆಳೆಸಿದ ಅಲ್ಲಿನ ಕುದುರೆ ಫಾರಂ ಇಡೀ ದೇಶದಲ್ಲಿಯೇ ಬಹಳ ಹಳೆಯದೆಂದು ಹೆಸರಾದುದು. ಮುಂದೆ ಅದು ಪಂದ್ಯದ ಕುದುರೆಗಳ ತಳಿಗೆ ಪ್ರಸಿದ್ಧವಾಗಿ, 1992ರಲ್ಲಿ ಸರ್ಕಾರದಿಂದ ಗುತ್ತಿಗೆಗೆ ಕೊಡಲ್ಪಟ್ಟಿತು. ಶಾಸ್ತ್ರದ ಕಡೆಗೆ ನೋಡಿದರೆ ಶಾಲಿಹೋತ್ರನ ಹೆಸರಿನಲ್ಲಿ ಸಂಸ್ಕೃತದ ಅಶ್ವಶಾಸ್ತ್ರವುಂಟು. ಕನ್ನಡದಲ್ಲಿ ಅಭಿನವಚಂದ್ರನು ಬರೆದ ಅಶ್ವಶಾಸ್ತ್ರವುಂಟು. ಉಪನಿಷತ್ಕಾರರು ಸಹ ಇಂದ್ರಿಯಗಳನ್ನು ಕುದುರೆಗಳಿಗೂ ಮನಸ್ಸನ್ನು ಲಗಾಮಿಗೂ ಹೋಲಿಸಿದರು. ಕುದುರೆಯನ್ನು ಬಲ್ಲವರಿದ್ದ ನಾಡಾದುದರಿಂದಲೇ ಇಂತಹ ಹೋಲಿಕೆ ಎಲ್ಲರ ಮನಸ್ಸಿಗೆ ನಾಟಿತು.

ಕುದುರೆಯು ಹನ್ನೊಂದು ತಿಂಗಳು ಗರ್ಭವನ್ನು ಹೊರುವುದು. ಹುಟ್ಟಿದ ಮರಿಯು ಸುಮಾರು ಒಂದು ಗಂಟೆಯೊಳಗೆ ಎದ್ದು ನಿಂತು, ಎರಡು ಗಂಟೆಯೊಳಗೆ ಮೊಲೆಯನ್ನು ಹುಡುಕಿಕೊಳ್ಳುವುದು. ಆ ಮೊದಲ ಗಿಣ್ಣು ಹಾಲಿನ ಮಹಿಮೆ ದೊಡ್ಡದು. ಮನುಷ್ಯರ ಕೂಸಿಗೆ ರೋಗವನ್ನು ತಡೆಯುವ ಶಕ್ತಿಯ ಒಂದು ಭಾಗ ಗರ್ಭದಲ್ಲಿಯೇ ತಾಯಿಯಿಂದ ಬರುವುದು. ಕುದುರೆಯ ಮರಿಗೆ ಹಾಗಲ್ಲ. ಅದು ಆ ಶಕ್ತಿಯನ್ನು ಗಿಣ್ಣಿನಿಂದಲೇ ಪಡೆಯಬೇಕು. ಅದೂ ಹುಟ್ಟಿದ ಒಂದು ದಿವಸದೊಳಗೆ. ಆಮೇಲೆ ಕುಡಿದರೆ ಆ ಗುಣವನ್ನು ಹೀರಿಕೊಳ್ಳುವ ಸಾಮರ್ಥ್ಯ ಮರಿಯ ಕರುಳಿಗೆ ಇರುವುದಿಲ್ಲ. ತಾಯಿಯು ಕೊಟ್ಟ ಈ ರಕ್ಷೆಯು ವಾರವಾರಕ್ಕೆ ಕ್ಷೀಣಿಸುತ್ತ, ಮರಿಯ ಸ್ವಂತ ಶಕ್ತಿಯು ನಿಧಾನವಾಗಿ ಬೆಳೆಯುತ್ತ ಬರುವುದು. ಎರಡು ಮೂರು ತಿಂಗಳಿನ ಸುಮಾರಿಗೆ ಹಳೆಯದು ತೀರುತ್ತಿರುವುದು, ಹೊಸದು ಪೂರ್ತಿಯಾಗಿ ಬಂದಿರುವುದಿಲ್ಲ. ನಮ್ಮ ಸೋಲೂರಿನ ಮರಿಯು ಈಗ ಸರಿಯಾಗಿ ಈ ಸಂಧಿಯಲ್ಲಿ ನಿಂತಿರುವುದು ಎಂಬುದನ್ನು ಗಮನಿಸಬೇಕು.

ಇನ್ನು ಹಾಲಿನ ಪ್ರಮಾಣ. ಮೊದಮೊದಲು ತಾಯಿ ಕುದುರೆಯು ತನ್ನ ಮೈತೂಕದ ನೂರಕ್ಕೆ ಮೂರು ಪಾಲಿನಷ್ಟು ಹಾಲನ್ನು ದಿನವೂ ಕೊಡಬಲ್ಲದು. ಎರಡನೆಯ ತಿಂಗಳಿನ ಸುಮಾರಿಗೆ ಅದು ತುಂಬಿ, ಮೂರನೆಯ ತಿಂಗಳು ಕಳೆದ ಮೇಲೆ ಇಳಿಯತೊಡಗುವುದು. ಮರಿಯೋ ದಿನದಿನಕ್ಕೆ ಬೆಳೆಯುತ್ತಿರುವುದು. ಆರು ತಿಂಗಳಾಗುವಷ್ಟರಲ್ಲಿ ಬೆಳೆದ ಕುದುರೆಯ ಎತ್ತರದ ನೂರಕ್ಕೆ ಎಂಬತ್ತರಷ್ಟನ್ನು ಮುಟ್ಟಿಬಿಡುವುದು. ಆಗ ಹಾಲೊಂದೇ ಸಾಲದು. ಮರಿಗೂ ಇದು ಗೊತ್ತು. ಹುಟ್ಟಿದ ಒಂದೆರಡು ವಾರದಲ್ಲಿಯೇ ಅದು ತಾಯಿಯ ಬಾಯಿಯನ್ನು ನೋಡಿ ಗರಿಕೆಯನ್ನು ಮೂಸುವುದು, ಕಚ್ಚುವುದು. ತಾಯಿಯ ಲದ್ದಿಯನ್ನು ಸಹ ತಿನ್ನುವುದು. ಇದನ್ನು ಕಂಡು ಅಸಹ್ಯಪಟ್ಟು ಹೊಡೆಯುವವರುಂಟು. ಹೊಡೆಯಬಾರದು. ಹುಲ್ಲನ್ನು ಅರಗಿಸುವ ಸೂಕ್ಷ್ಮಜೀವಿಗಳು ತಾಯಿಯ ಹೊಟ್ಟೆಯಿಂದ ಮರಿಯ ಹೊಟ್ಟೆಗೆ ಹಾಗೆಯೇ ದಾಟಬೇಕೆಂಬುದು ಸೃಷ್ಟಿಯ ಏರ್ಪಾಡು. ಹೀಗೆ ತಾಯಿಯು ಹಾಲನ್ನೂಡುತ್ತಿರುವಾಗಲೇ, ಹಾಲಿಲ್ಲದೆ ಬದುಕುವ ವಿದ್ಯೆಯನ್ನೂ ತನಗೆ ತಿಳಿಯದೆಯೇ ಕಲಿಸುತ್ತಿರುವಳು.

ಇಲ್ಲಿ ಒಂದು ಸೂಕ್ಷ್ಮವುಂಟು. ಅನ್ನವನ್ನು ಹಿಡಿಸುವುದು ಬೇರೆ, ಹಾಲನ್ನು ಬಿಡಿಸುವುದು ಬೇರೆ. ನಮ್ಮ ಮನೆಗಳಲ್ಲಿ ಮಗುವಿಗೆ ಆರನೆಯ ತಿಂಗಳಿನ ಸುಮಾರಿಗೆ ಅನ್ನವನ್ನು ಉಣಿಸುವೆವು. ಅಂದೇ ಯಾವ ತಾಯಿಯಾದರೂ ಮೊಲೆ ಬಿಡಿಸುವಳೇ? ಇಲ್ಲ. ಅನ್ನವೂ ನಡೆಯುವುದು, ಹಾಲೂ ನಡೆಯುವುದು. ಎರಡು ವರ್ಷದವರೆಗೆ, ಅದಕ್ಕೂ ಮುಂದೆ, ಹಾಲು ಕೊಡಬಹುದೆಂದು ಇಂದಿನ ವೈದ್ಯರೂ ಹೇಳುವರು. ವಾಗ್ಭಟಾಚಾರ್ಯನು ಅಷ್ಟಾಂಗಹೃದಯದಲ್ಲಿ, ಹಲ್ಲು ಮೂಡಿದ ಶಿಶುವನ್ನು ಕ್ರಮಕ್ರಮವಾಗಿ ಮೊಲೆಯಿಂದ ಬಿಡಿಸಬೇಕೆಂದು ವಿಧಿಸಿದ್ದಾನೆ. ಹಲ್ಲಿನ ಗುರುತು ಮನುಷ್ಯಶಿಶುವಿಗೆ ಹೇಳಿದುದು. ಕುದುರೆಗೆ ಅದು ಸಲ್ಲದು. ಕುದುರೆಯ ಮರಿಗೆ ಮುಂದಿನ ಮೊದಲ ಜೋಡಿ ಹಲ್ಲು ಎಂಟು ದಿನಕ್ಕೂ, ಎರಡನೆಯ ಜೋಡಿ ಎಂಟು ವಾರಕ್ಕೂ, ಮೂರನೆಯ ಜೋಡಿ ಎಂಟು ತಿಂಗಳಿಗೂ ಸುಮಾರಾಗಿ ಬರುವುದೆಂದು ಕುದುರೆಯವರ ಲೆಕ್ಕ. ಆದರೆ ಕ್ರಮವೆಂಬ ಮಾತು ಎಲ್ಲ ಜೀವಕ್ಕೂ ಸಲ್ಲುವುದು. ಮೊದಲು ಹಿಡಿಸು, ಆಮೇಲೆ ಬಿಡಿಸು. ಹಿಡಿಸದೆ ಬಿಡಿಸಿದರೆ ಅದು ಬಿಡಿಸಿದಂತಾಗದು, ಕಿತ್ತುಕೊಂಡಂತಾಗುವುದು.

ಹಾಗಾದರೆ ಕಾಲವಾವುದು? ಪಂದ್ಯದ ಕುದುರೆಗಳನ್ನು ಸಾಕುವವರು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳ ನಡುವೆ ಮರಿಯನ್ನು ಬೇರ್ಪಡಿಸುವರು. ಇದು ಸಾಕುವವರ ಅನುಕೂಲವನ್ನೂ ನೋಡಿ ಮಾಡಿಕೊಂಡ ಕಟ್ಟಳೆ. ಮನುಷ್ಯನು ಕೈಹಾಕದ ಮಂದೆಗಳಲ್ಲಿ ತಾಯಿಯೇ ಒಂಬತ್ತರಿಂದ ಹನ್ನೊಂದು ತಿಂಗಳ ಸುಮಾರಿಗೆ, ಮುಂದಿನ ಮರಿ ಹುಟ್ಟುವ ಮೊದಲು, ಹಾಲನ್ನು ತಾನಾಗಿ ನಿಲ್ಲಿಸುವುದು. ಆಗ ಕೂಗಾಟವಿಲ್ಲ, ಓಡಾಟವಿಲ್ಲ. ಮೊಲೆ ಬಿಟ್ಟ ಮರಿಯು ತಾಯಿಯ ಪಕ್ಕದಲ್ಲಿಯೇ ಮೇಯುತ್ತಿರುವುದು. ತಾಯಿಯು ಹಾಲನ್ನು ಬಿಡಿಸಿತೇ ಹೊರತು ತನ್ನ ಸಂಗವನ್ನು ಬಿಡಿಸಲಿಲ್ಲ. ನಾವಾದರೋ ಹಾಲು, ತಾಯಿ, ಕಟ್ಟಿದ ಜಾಗ, ಕಂಡ ಮುಖ ಎಲ್ಲವನ್ನೂ ಒಂದೇ ದಿನ ಬಿಡಿಸಿ, ಲಾರಿಯಲ್ಲಿ ತುಂಬಿ ಕಳುಹಿಸುವೆವು. ಮರಿಯು ಬೆವೆತು, ಬೇಲಿಗೆ ಹಾಯ್ದು, ಕೂಗಿ ಕೂಗಿ ಮೇವು ಬಿಡುವುದು. ಹೊಟ್ಟೆಯಲ್ಲಿ ಹುಣ್ಣಾಗುವುದು, ಕಟ್ಟಿಗೆಯನ್ನು ಕಚ್ಚಿ ಗಾಳಿ ನುಂಗುವಂತಹ ಕೆಟ್ಟ ಚಾಳಿ ಹಿಡಿದು ಜನ್ಮವಿಡೀ ಉಳಿಯುವುದೂ ಉಂಟು. 'ಎಳೆಯದಾಗಿ ಬಂದರೆ ಹೇಳಿದಂತೆ ಕೇಳುವುದು' ಎಂಬ ಕೊಂಡವರ ಎಣಿಕೆ ಇದರಿಂದ ತಲೆಕೆಳಗಾಗುವುದು.

ಆದುದರಿಂದ ತಿಂಗಳನ್ನು ಎಣಿಸುವುದರ ಜೊತೆಗೆ ಮರಿಯನ್ನು ನೋಡಬೇಕು. ಅದು ಹುಲ್ಲನ್ನು ಹೊಟ್ಟೆ ತುಂಬ ಮೇಯುತ್ತಿದೆಯೇ? ತಾಯಿ ಹತ್ತು ಮಾರು ದೂರ ಹೋದರೂ ಗಾಬರಿಯಾಗದೆ ಮೇಯುವುದನ್ನು ಮುಂದುವರಿಸುವುದೇ? ತನಗೆಂದು ಇಟ್ಟ ಹಿಂಡಿ ಬೂಸವನ್ನು ದಿನವೂ ತಿನ್ನುವುದೇ? ದೊಡ್ಡ ತಳಿಯ ಮರಿಗೆ ವಯಸ್ಸಿನ ತಿಂಗಳೊಂದಕ್ಕೆ ಅರ್ಧ ಕಿಲೋದಷ್ಟು ಕಾಳಿನ ಮೇವು ಎಂಬುದು ಒಂದು ಅಂದಾಜು. ನಾಡಕುದುರೆಯ ಮರಿಗೆ ಅದಕ್ಕಿಂತ ಕಡಿಮೆ ಸಾಕು. ಹುರುಳಿಯನ್ನು ಬೇಯಿಸಿ ಸ್ವಲ್ಪ ಸ್ವಲ್ಪವಾಗಿ ರೂಢಿಮಾಡಿಸಬೇಕು. ಬೇಗ ಬೆಳೆಯಲೆಂದು ಅತಿಯಾಗಿ ಕಾಳು ತಿನ್ನಿಸಿದರೆ ಕೀಲುಮೂಳೆಗಳು ಕೆಡುವುದರಿಂದ ಅದೂ ಸಲ್ಲದು. ತಾಯಿಗೆ ಎಟುಕದಂತೆ, ಮರಿಯು ಮಾತ್ರ ನುಸುಳಿ ಹೋಗುವಂತೆ, ಒಂದು ಮೂಲೆಯಲ್ಲಿ ಗಳು ಕಟ್ಟಿ ಅದರೊಳಗೆ ಮರಿಯ ಮೇವನ್ನಿಡುವುದು ಒಳ್ಳೆಯ ಉಪಾಯ.

ತಾಯಿಯನ್ನೂ ನೋಡಬೇಕು. ಹಾಲೂಡುವ ಕುದುರೆಗೆ ಬರಿಯ ಕೆಲಸವಿಲ್ಲದ ಕುದುರೆಗಿಂತ ಹೆಚ್ಚುಕಡಿಮೆ ಎರಡರಷ್ಟು ಪೋಷಣೆ ಬೇಕು. ಅದು ಬಡವಾಯಿತೆಂದರೆ ಮರಿಯನ್ನು ಅಗಲಿಸುವ ಮೊದಲು ತಾಯಿಯ ಮೇವನ್ನು ಹೆಚ್ಚಿಸಿ, ಮೆರವಣಿಗೆಯ ದುಡಿಮೆಯನ್ನು ತಗ್ಗಿಸಿ ನೋಡಬೇಕು. ತಾಯಿಯು ಕಾಯಿಲೆಬಿದ್ದಿದ್ದರೆ, ಅದರ ಪ್ರಾಣಕ್ಕೇ ಅಪಾಯವೆಂದು ಪಶುವೈದ್ಯರು ಹೇಳಿದರೆ, ಆಗ ಬೇಗ ಬಿಡಿಸುವುದೇ ದಯೆ. ಮರಿಗೆ ಜ್ವರವೋ ಭೇದಿಯೋ ಇದ್ದರೆ ಕಾಲವು ಬಂದಿದ್ದರೂ ತಡೆಯುವುದೇ ದಯೆ. ದಯೆಗೆ ಒಂದೇ ತಿಥಿಯೆಂಬುದಿಲ್ಲ.

ಬಿಡಿಸುವ ಕ್ರಮವು ಹೀಗೆ. ಜಾಗ ಬದಲಾಗದಿರಲಿ, ಮರಿಯು ಬಲ್ಲ ಕೊಟ್ಟಿಗೆಯಲ್ಲಿಯೇ ಮರಿಯಿರಲಿ, ತಾಯಿಯನ್ನು ಬೇರೆಡೆಗೆ ಒಯ್ಯಲಿ. ಗಟ್ಟಿಯಾದ ಬೇಲಿಯೊಂದನ್ನು ನಡುವೆ ಇಟ್ಟು, ಒಂದನ್ನೊಂದು ನೋಡುವಂತೆ, ಮೂಸುವಂತೆ, ಹಾಲು ಮಾತ್ರ ಕುಡಿಯಲಾಗದಂತೆ ಕೆಲವು ದಿನ ಇರಿಸಿದರೆ ಸಂಕಟವು ಕಡಿಮೆ. ಮರಿಯು ಒಂಟಿಯಾಗದಿರಲಿ, ಇನ್ನೊಂದು ಮರಿಯೋ, ಶಾಂತಸ್ವಭಾವದ ಮುದಿಕುದುರೆಯೋ, ಅದೂ ಇಲ್ಲದಿದ್ದರೆ ಒಗ್ಗಿದ ಒಂದು ಮೇಕೆಯೋ ಜೊತೆಗಿರಲಿ. ಅದೇ ವಾರದಲ್ಲಿ ಲಾಳಗಾರನನ್ನು ಕರೆಸುವುದು, ಸೂಜಿಮದ್ದು ಹಾಕಿಸುವುದು, ಮೇವು ಬದಲಾಯಿಸುವುದು ಬೇಡ. ತಾಯಿಯ ಕಾಳನ್ನು ಕೆಲವು ದಿನ ಮುಂಚಿತವಾಗಿಯೇ ತಗ್ಗಿಸಬೇಕು. ಬೇರ್ಪಡಿಸಿದ ಮೇಲೆ ಕೆಚ್ಚಲು ಬಿಗಿಯಿತೆಂದು ಹಾಲು ಕರೆಯಬಾರದು. ಕರೆದಷ್ಟೂ ಹಾಲು ಇಳಿಯುವುದು. ಒಂದೆರಡು ವಾರದಲ್ಲಿ ಕೆಚ್ಚಲು ತಾನಾಗಿ ಒಣಗುವುದು. ಕೆಚ್ಚಲು ಸುಡುವಂತಾಗಿ ಕಲ್ಲಿನಂತಾದರೆ ಮಾತ್ರ ವೈದ್ಯರನ್ನು ಕರೆಯಬೇಕು.

ಶರಣಬಂಧುಗಳೇ, ಧರ್ಮಪ್ರವಚನದಲ್ಲಿ ಕೆಚ್ಚಲು ಬೂಸಗಳ ಮಾತೇಕೆಂದು ಕೆಲವರಿಗೆ ತೋರಬಹುದು. ಕಲ್ಯಾಣದ ಶರಣರಲ್ಲಿ ತುರುಗಾಹಿ ರಾಮಣ್ಣನೆಂಬವನಿದ್ದನು. ದನಗಳನ್ನು ಕಾಯುವುದು ಅವನ ಕಾಯಕ. ಆ ಕಾಯಕದಲ್ಲಿ ನಿಂತೇ ಅವನು ಗೋಪತಿನಾಥ ವಿಶ್ವೇಶ್ವರಲಿಂಗನನ್ನು ಕಂಡನು, ಆ ಅಂಕಿತದಲ್ಲಿ ವಚನಗಳನ್ನು ಹಾಡಿದನು. ಹಟ್ಟಿಯ ಕೆಲಸವನ್ನು ಬಿಟ್ಟು ಶಿವನನ್ನು ಬೇರೆಲ್ಲೋ ಹುಡುಕಬೇಕೆಂದು ಶರಣರು ಹೇಳಲಿಲ್ಲ. ಮೂಕಜೀವಿಯು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದು. ಆದುದರಿಂದ ಒಡೆಯನಾದವನು ಅದರ ಭೃತ್ಯನಂತೆ ನಿಂತು, ಕಣ್ಣಿಟ್ಟು ತಿಳಿಯಬೇಕು. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂದು ಹೇಳಿದುದು ಮಠದಲ್ಲಿ ಮಾತ್ರ ನಡೆಯಿಸತಕ್ಕದ್ದಲ್ಲ, ಲಾಯದಲ್ಲಿಯೂ ನಡೆಯಿಸತಕ್ಕದ್ದು.

ಪುರಾಣ ಹೇಳುವ ಹಿರಿಯರ ಬಾಯಲ್ಲಿ ಬಸವಣ್ಣನವರ ಒಂದು ಕಥೆಯನ್ನು ನಾವೆಲ್ಲರೂ ಕೇಳಿರುವೆವು. ಒಮ್ಮೆ ಕಳ್ಳರು ಅವರ ಮನೆಯ ಕರೆಯುವ ಹಸುಗಳನ್ನು ಹೊಡೆದುಕೊಂಡು ಹೋದರು. ಸುದ್ದಿ ತಂದವರು ಕಳ್ಳರನ್ನು ಬೆನ್ನಟ್ಟಬೇಕೆಂದರು. ಬಸವಣ್ಣನವರ ಕಿವಿಗೆ ಬಿದ್ದುದು ಹಟ್ಟಿಯಲ್ಲುಳಿದ ಕರುಗಳ ಕೂಗು. ತಾಯಿಯಿಲ್ಲದೆ ಕರುಗಳು ಬಾಡುವುವು, ಕರುಗಳಿಲ್ಲದೆ ಹಸುಗಳು ಕೊರಗುವುವು, ಇವನ್ನೂ ಅವರಿಗೇ ಒಪ್ಪಿಸಿರೆಂದು ಕಳುಹಿಸಿಕೊಟ್ಟರು. ಈ ಕಥೆಯನ್ನು ಔದಾರ್ಯಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ಇದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ. ಹಸುಗಳು ಯಾರವೆಂಬ ಪ್ರಶ್ನೆಗಿಂತ ಕರುವಿಗೆ ಹಾಲುಂಟೇ ಎಂಬ ಪ್ರಶ್ನೆ ಅವರಿಗೆ ಮೊದಲಾಯಿತು. ಒಡೆತನವು ಕೈಬದಲಾಗಬಹುದು, ತಾಯಿಮಕ್ಕಳ ಸಂಬಂಧವು ಯಾರ ಕೈಯಲ್ಲಿದ್ದರೂ ಒಂದೇ. ಮಾರುವವನೂ ಕೊಳ್ಳುವವನೂ ಇದನ್ನು ನೆನೆದು ವ್ಯವಹರಿಸಬೇಕು.

ಹಿಡಿಸಿ ಬಿಡಿಸುವ ಈ ಕ್ರಮವು ನಮ್ಮ ಮತದ ಹೃದಯದಲ್ಲಿಯೇ ಇರುವುದು. ವೀರಶೈವ ಸಂಪ್ರದಾಯದಲ್ಲಿ ಗರ್ಭದಲ್ಲಿರುವ ಶಿಶುವಿಗೂ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆಯನ್ನು ವಿಧಿಸಿರುವರು. ಹುಟ್ಟಿದ ಕೂಸಿಗೆ ಆ ಲಿಂಗವು ಸಲ್ಲುವುದು. ಕೂಸಿಗೆ ಅರಿವಿಲ್ಲ, ಅನೇಕ ಮನೆಗಳಲ್ಲಿ ತಾಯಿಯೇ ಆ ಲಿಂಗವನ್ನು ಜೋಪಾನಮಾಡಿ, ತನ್ನ ಲಿಂಗಕ್ಕೆ ಪೂಜೆ ಮಾಡುವಾಗ ಮಗುವಿನ ಲಿಂಗಕ್ಕೂ ಪೂಜೆ ಮಾಡುವಳು. ಮಗುವು ಬೆಳೆದು ವಿಭೂತಿಯನ್ನು ತಾನೇ ಧರಿಸಿಕೊಳ್ಳಲು ಕಲಿತು, ಆಮೇಲೆ ಗುರುವಿನಿಂದ ದೀಕ್ಷೆಯನ್ನು ಪಡೆದು ಗುರುಕರಜಾತನಾಗುವುದು. ಅಂದಿನಿಂದ ಅವನ ಪೂಜೆ ಅವನದೇ. ಇಲ್ಲಿ ಬಿಡಿಸುವ ದಿನವು ಬರುವುದಕ್ಕಿಂತ ಎಷ್ಟು ಮುಂಚೆಯೇ ಹಿಡಿಯಬೇಕಾದ ವಸ್ತುವು ಕೈಗೆ ಬಂದಿರುವುದು ನೋಡಿರಿ! ಷಟ್‌ಸ್ಥಲಗಳಲ್ಲಿಯೂ ಅದೇ ಕ್ರಮ. ಭಕ್ತಸ್ಥಲವನ್ನು ಗಟ್ಟಿಯಾಗಿ ಹಿಡಿಯದವನನ್ನು ಒಮ್ಮೆಗೇ ಐಕ್ಯಸ್ಥಲಕ್ಕೆ ಎತ್ತಿ ನಿಲ್ಲಿಸಲಾಗದು.

ಅಕ್ಕಮಹಾದೇವಿಯವರು ಅರಸನ ಅರಮನೆಯನ್ನೂ ಉಡುತಡಿಯನ್ನೂ ಬಿಟ್ಟು ಹೊರಟುದನ್ನು ನೆನೆದು ವೈರಾಗ್ಯವೆಂದರೆ ಎಲ್ಲವನ್ನೂ ಎಸೆಯುವುದೆಂದು ತಿಳಿಯುವವರುಂಟು. ಅಕ್ಕನವರು ಬಿಟ್ಟುದನ್ನು ಮಾತ್ರ ನೋಡಿ, ಅದಕ್ಕೆ ಮುಂಚೆ ಹಿಡಿದುದನ್ನು ನೋಡದಿದ್ದರೆ ಹೀಗಾಗುವುದು. ಎಳೆತನದಿಂದಲೇ ಚೆನ್ನಮಲ್ಲಿಕಾರ್ಜುನನನ್ನು ಹಿಡಿದಿದ್ದುದರಿಂದ ಅವರಿಗೆ ಅರಮನೆಯು ತಾನಾಗಿ ಬಿಟ್ಟುಹೋಯಿತು. ಏನನ್ನೂ ಹಿಡಿಯದೆ ಮನೆ ಬಿಟ್ಟವನು ಅಲೆಮಾರಿಯಾಗುವನೇ ಹೊರತು ಶರಣನಾಗನು.

ಮಕ್ಕಳನ್ನು ಮಠದ ವಿದ್ಯಾರ್ಥಿನಿಲಯಗಳಿಗೆ ಕಳುಹಿಸುವ ತಂದೆತಾಯಿಗಳು ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತರಬೇಕು. ನಮ್ಮ ಮಾಗಡಿ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಬಾಲಕರೊಬ್ಬರು ಮನೆಯನ್ನು ಬಿಟ್ಟು ಓದಿಗಾಗಿ ಹೊರಟು, 1930ರಲ್ಲಿ ಸಿದ್ಧಗಂಗೆಯಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿ, 2019ರಲ್ಲಿ ಲಿಂಗೈಕ್ಯರಾಗುವವರೆಗೆ ಲೆಕ್ಕವಿಲ್ಲದಷ್ಟು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಪರಮಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ದಾಸೋಹವೆಂದರೆ, ಮನೆಯಿಂದ ಅಗಲಿ ಬಂದ ಎಳೆಯರಿಗೆ ಅಗಲಿಕೆಯನ್ನು ಮರೆಸುವ ಒಂದು ದೊಡ್ಡ ಮಡಿಲಾಗಿತ್ತು. ಆದರೂ ಮಠದ ಶಾಲೆಗಳಲ್ಲಿ ಪಾಠ ಹೇಳುವವರೆಲ್ಲರೂ ಪ್ರತಿ ವರ್ಷದ ಆರಂಭದಲ್ಲಿ ಕಾಣುವ ಒಂದು ಸಂಗತಿಯುಂಟು. ತನ್ನ ತಟ್ಟೆಯನ್ನು ತಾನೇ ತೊಳೆಯಲು, ತನ್ನ ಹಾಸಿಗೆಯನ್ನು ತಾನೇ ಮಡಚಲು ಮನೆಯಲ್ಲಿಯೇ ಕಲಿತುಬಂದ ಹುಡುಗನು ವಾರದಲ್ಲಿ ಹೊಂದಿಕೊಳ್ಳುವನು. ಊರಿನ ಗೆಳೆಯನೊಬ್ಬನ ಜೊತೆಗೆ ಬಂದವನೂ ಹಾಗೆಯೇ. ಏನನ್ನೂ ಹೇಳದೆ, 'ಜಾತ್ರೆಗೆ ಹೋಗೋಣ ಬಾ' ಎಂದು ಸುಳ್ಳು ಹೇಳಿ ಕರೆತಂದು ಬಿಟ್ಟುಹೋದ ಮಗುವು ಬಹುಕಾಲ ಬಾಗಿಲನ್ನೇ ನೋಡುತ್ತ ಕುಳಿತಿರುವುದು. ಸ್ಥಳವೊಂದೇ, ಅನ್ನವೊಂದೇ, ಗುರುವೊಬ್ಬನೇ. ಬಿಡಿಸಿದ ರೀತಿಯಿಂದ ಇಷ್ಟು ಭೇದವುಂಟಾಗುವುದು.

ಇನ್ನೊಂದು ಕಡೆಯಿಂದಲೂ ಎಚ್ಚರಬೇಕು. ಬಿಡಿಸಬೇಕಾದ ಕಾಲವು ಬಂದ ಮೇಲೆಯೂ ಬಿಡಿಸದೆ ಅಪ್ಪಿಕೊಂಡಿರುವುದು ವಾತ್ಸಲ್ಯವಾಗದು, ಮೋಹವಾಗುವುದು. ಹೊಟ್ಟೆಯಲ್ಲಿ ಮತ್ತೊಂದು ಗರ್ಭವನ್ನು ಹೊತ್ತ ಕುದುರೆಯ ಹಾಲನ್ನು ಬೆಳೆದ ಮರಿಯು ಕುಡಿಯುತ್ತಲೇ ಇದ್ದರೆ ತಾಯಿಯೂ ಸೊರಗುವುದು, ಹುಟ್ಟುವ ಮರಿಯೂ ಸೊರಗುವುದು. ಇಪ್ಪತ್ತು ವರ್ಷದ ಮಗನ ಬಾಯಿಗೆ ತುತ್ತಿಡುವ ತಾಯಂದಿರೂ, ಮದುವೆಯಾದ ಮಗನ ಕೀಲಿಕೈಯನ್ನು ಬಿಡದ ತಂದೆಯರೂ ನಮ್ಮಲ್ಲಿ ಕಡಿಮೆಯಿಲ್ಲ. ಬೇಗ ಕಿತ್ತುಕೊಳ್ಳುವುದು ಲೋಭದ ಕೆಲಸ; ತಡವಾಗಿಯೂ ಬಿಡದಿರುವುದು ಮೋಹದ ಕೆಲಸ. ಇವೆರಡರಲ್ಲಿಯೂ ನಾವು ನೋಡುವುದು ನಮ್ಮನ್ನೇ, ಮರಿಯನ್ನಲ್ಲ.

ಈಗ ಸೋಲೂರಿನ ಭಕ್ತರ ಪ್ರಶ್ನೆಗೆ ಬರೋಣ. ಕೊಟ್ಟ ಮಾತು ದೊಡ್ಡದೇ ಸರಿ. ಸದಾಚಾರಿಯಾದ ಲಿಂಗವಂತನ ಮಾತಿಗೆ ಪತ್ರದ ಬೆಂಬಲ ಬೇಕಾಗಬಾರದು. ಆದರೆ ನೀವು ಕೊಟ್ಟ ಮಾತಾವುದು? ಮರಿಯನ್ನು ಕೊಡುವೆನೆಂದು. ಅದರ ಹಾಲನ್ನು ಕಸಿದು ಕೊಡುವೆನೆಂದಲ್ಲ. ಮರಿಯು ನಿಮ್ಮದು, ಮಾರಬಹುದು. ಅದು ಕುಡಿಯುವ ಹಾಲು ನಿಮ್ಮದಲ್ಲ, ಅದು ತಾಯಿಮರಿಗಳಿಗೆ ಶಿವನು ಕೊಟ್ಟುದು. ತನ್ನದಲ್ಲದುದನ್ನು ಮಾತಿನಲ್ಲಿ ಸೇರಿಸಿ ಕೊಡಲು ಯಾರಿಗೂ ಅಧಿಕಾರವಿಲ್ಲ. ಆದುದರಿಂದ ಕೊಂಡವರ ಮನೆಗೆ ನೀವೇ ಹೋಗಿರಿ. ಮರಿಯು ನಿಮ್ಮದೇ, ಇನ್ನೊಬ್ಬರಿಗೆ ಮಾರುವುದಿಲ್ಲ, ಆದರೆ ಇನ್ನು ಎರಡು ಮೂರು ತಿಂಗಳು ಅದು ನಮ್ಮ ಕೊಟ್ಟಿಗೆಯಲ್ಲಿ ತಾಯಿಯ ಬಳಿ ಇರಲಿ ಎಂದು ಕೇಳಿರಿ. ಈಗಿನಿಂದಲೇ ಮೇವನ್ನು ರೂಢಿಮಾಡಿಸಿರಿ. ವಾರಕ್ಕೊಮ್ಮೆ ಅವರೇ ಬಂದು ತಮ್ಮ ಕೈಯಾರೆ ಹುರುಳಿ ತಿನ್ನಿಸಲಿ, ಮೈ ತಟ್ಟಲಿ, ಹಗ್ಗ ಹಿಡಿದು ನಡೆಯಿಸಲಿ. ಅವರು ಬಯಸಿದ ಪಳಗುವಿಕೆ ಹೀಗೆಯೇ ಸಿದ್ಧಿಸುವುದು. ಆರನೆಯ ತಿಂಗಳಿನ ಸುಮಾರಿಗೆ ಮರಿಯನ್ನು ನೋಡಿ, ವೈದ್ಯರನ್ನು ಕೇಳಿ, ಮನೆಯಲ್ಲಿಯೇ ಮೊಲೆ ಬಿಡಿಸಿರಿ. ಅದು ಸಮಾಧಾನಗೊಂಡು ಮೇಯತೊಡಗಿ ಕೆಲವು ವಾರಗಳಾದ ಮೇಲೆ ಹೊಸ ಊರಿಗೆ ಕಳುಹಿಸಿರಿ. ಹಾಲು ಬಿಡಿಸುವ ದಿನ, ಮನೆ ಬಿಡಿಸುವ ದಿನ ಒಂದೇ ಆಗದಿರಲಿ.

ಅವರು ಒಪ್ಪದಿದ್ದರೆ? ಆಗ ಮುಂಗಡವನ್ನು ಹಿಂದಿರುಗಿಸಬೇಕಾಗುವುದು. ಖರ್ಚಾಗಿಹೋದ ಹಣವನ್ನು ಮತ್ತೆ ಹೊಂದಿಸುವುದು ಸುಲಭವೆಂದು ನಾನು ಹೇಳಲಾರೆ. ಮಗಳ ಓದಿಗೆ ತೊಂದರೆಯಾಗದಂತೆ ಕಂತುಗಳಲ್ಲಿ ತೀರಿಸುವೆನೆಂದು ಕೇಳಿಕೊಳ್ಳಬಹುದು. ನೆಂಟರಿಷ್ಟರ ನೆರವನ್ನು ಪಡೆಯಬಹುದು. ಅದು ನಷ್ಟವೇ. ಆದರೆ ಆಚಾರವೆಂಬುದು ನಷ್ಟವಿಲ್ಲದ ಕಡೆಯಲ್ಲಿ ಮಾತ್ರ ನಡೆಯುವುದಾದರೆ ಅದಕ್ಕೆ ಆಚಾರವೆಂಬ ಹೆಸರೇಕೆ? ನಿಮ್ಮ ತಾಯಿಯವರು ಹೇಳಿದ ಮಾತನ್ನು ಮುದುಕಿಯ ಮೂಢನಂಬಿಕೆಯೆಂದು ತಳ್ಳಿಹಾಕಬೇಡಿರಿ. ಮನೆಗೆ ಕೇಡಾಗುವುದೆಂದರೆ ಎಲ್ಲಿಂದಲೋ ಶಾಪ ಬರುವುದೆಂದು ಅರ್ಥವಲ್ಲ. ಮರಿಯ ಕೂಗನ್ನು ಕೇಳಿಯೂ ಕೇಳದಂತಿರಲು ಕಲಿತ ಮನೆಯಲ್ಲಿ, ನಾಳೆ ಮಕ್ಕಳ ಕೂಗೂ ಮುಪ್ಪಿನವರ ಕೂಗೂ ಕೇಳಿಸದೆ ಹೋಗುವುದು. ಅದಕ್ಕಿಂತ ದೊಡ್ಡ ಕೇಡು ಮತ್ತಾವುದುಂಟು?

ಶರಣಬಂಧುಗಳೇ, ಕುದುರೆ ಇಲ್ಲದವರ ಮನೆಯಲ್ಲಿ ಕರುವಿದೆ; ಕರುವಿಲ್ಲದವರ ಮನೆಯಲ್ಲಿ ಮಕ್ಕಳಿರುವರು; ಯಾರೂ ಇಲ್ಲದವನಿಗೂ ಅವನ ಮನಸ್ಸಿದೆ. ಆ ಮನಸ್ಸೂ ವಿಷಯಸುಖವೆಂಬ ಹಾಲನ್ನು ಬಿಡಲಾರದೆ ಕೂಗುವ ಎಳೆಯ ಮರಿಯೇ. ಅದನ್ನು ಒಂದೇ ದಿನ ಕಿತ್ತುಕಟ್ಟಿ ಬಡಿದರೆ ಅದು ಬೇಲಿ ಹಾರುವುದು. ದಿನಕ್ಕೊಂದು ಹಿಡಿ ಲಿಂಗಪೂಜೆಯನ್ನೂ, ಒಂದು ಹಿಡಿ ವಚನಪಠಣವನ್ನೂ ರುಚಿಗೊಳಿಸುತ್ತ ಬನ್ನಿರಿ; ಒಳ್ಳೆಯವರ ಸಂಗವನ್ನು ಜೊತೆಗಿರಿಸಿರಿ. ಮೇವಿನ ರುಚಿ ಹತ್ತಿದ ಮರಿಗೆ ಮೊಲೆಯು ಮರೆತುಹೋಗುವಂತೆ, ಲಿಂಗದ ರುಚಿ ಹತ್ತಿದ ಮನಸ್ಸಿಗೆ ಉಳಿದುದು ತಾನಾಗಿ ಬಿಟ್ಟುಹೋಗುವುದು.

ಹಿಡಿಯತಕ್ಕುದನ್ನು ಹಿಡಿಯುವ ಬುದ್ಧಿಯನ್ನೂ, ಬಿಡತಕ್ಕುದನ್ನು ಕಾಲವರಿತು ಬಿಡುವ ಧೈರ್ಯವನ್ನೂ, ನಮ್ಮ ಕೈಯಲ್ಲಿರುವ ಮೂಕಜೀವಿಗಳ ಮೇಲೆ ಮಾತೃವಾತ್ಸಲ್ಯವನ್ನೂ ಶಿವನು ನಮ್ಮೆಲ್ಲರಿಗೂ ಕರುಣಿಸಲಿ. ಸೋಲೂರಿನ ಆ ಮನೆಯ ತಾಯಿಮರಿಗಳಿಗೂ, ಕೊಂಡವರಿಗೂ ಕೊಟ್ಟವರಿಗೂ ಸನ್ಮಂಗಳವಾಗಲಿ.